ಹೊಡೆತದ ಗುರುತಿಲ್ಲದ ದೌರ್ಜನ್ಯ: ಅಂಗವಿಕಲ ಮಹಿಳೆಯರ ದೂರು, ಹೇಳಿಕೆ, ಆಶ್ರಯದ ಬಗ್ಗೆ ಚರ್ಚೆ

ಸಖಿ_ಕೇಸ್‌ವರ್ಕರ್

ಎಲ್ಲರಿಗೂ ನಮಸ್ಕಾರ. ದೌರ್ಜನ್ಯಕ್ಕೊಳಗಾದ ಮಹಿಳೆಯರು ನೆರವಿಗೆ ಬರುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ, ಈ ಮೂರೂ ಕಡೆ ದೂರು ಬರೆದುಕೊಳ್ಳುವವರಿಗಾಗಿ ನಮ್ಮ ಜಿಲ್ಲೆಯಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅಂಗವಿಕಲ ಮಹಿಳೆಯರ ಅಧ್ಯಾಯಕ್ಕೆ ನಿಮ್ಮ ಸಹಾಯ ಬೇಕು.

ತೊಡಕು ಶುರುವಾಗುವುದೇ ನಮೂನೆ-1ರಲ್ಲಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳ ಜೊತೆ ಬಂದ ಕೌಟುಂಬಿಕ ಘಟನಾ ವರದಿಯಲ್ಲಿ (ಡಿಐಆರ್) ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಕಲಂಗಳಿವೆ. ಆಕೆ ಯಾವ ಸಾಧನ ಬಳಸುತ್ತಾಳೆ, ದಿನದ ಆರೈಕೆ ಯಾರ ಕೈಯಲ್ಲಿದೆ ಎಂದು ಕೇಳುವ ಜಾಗ ಅದರಲ್ಲಿಲ್ಲ. "ಹೊಡೆದರಾ?" "ಇಲ್ಲ." "ಬೈತಾರಾ?" "ಬೈತಾರೆ." ಅಷ್ಟಕ್ಕೆ ಪುಟ ತಿರುಗುತ್ತದೆ. ಗಾಲಿಕುರ್ಚಿಯನ್ನು ರಾತ್ರಿ ಹಿತ್ತಲಲ್ಲಿ ಇಟ್ಟು ಬರುವುದು, ಕಿವಿ ಮಿಷನ್ನಿನ ಬ್ಯಾಟರಿ ತೆಗೆದಿಟ್ಟುಕೊಳ್ಳುವುದು, ಶೌಚಕ್ಕೆ ಕರೆದೊಯ್ಯಬೇಕಾಗುತ್ತದೆ ಅಂತ ಮಧ್ಯಾಹ್ನದ ಮೇಲೆ ನೀರು ಕೊಡದಿರುವುದು, ಇವನ್ನು ಆಕೆಯೂ ದೂರು ಎಂದು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಯಾವ ಪ್ರಶ್ನೆ ಸೇರಿಸಬೇಕು, ಉತ್ತರವನ್ನು ಎಲ್ಲಿ ಬರೆಯಬೇಕು?

ವಕೀಲೆ_ಹಾಸನ

ಮೇಡಂ, ಕಲಂ ಇಲ್ಲ ಅಂತ ನಿಲ್ಲಬೇಕಾಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸೆಕ್ಷನ್ 3 ಓದಿ. ಮಾಡಿದ ಕೃತ್ಯದ ಜೊತೆಗೆ ಮಾಡದೆ ಬಿಟ್ಟದ್ದನ್ನೂ ಅದು ದೌರ್ಜನ್ಯ ಎನ್ನುತ್ತದೆ. ಆರೈಕೆ ತಡೆಹಿಡಿಯುವುದಕ್ಕೆ ಇದೇ ಆಧಾರ.

ಬರೆಯುವ ಕ್ರಮ ಹೀಗಿರಲಿ. ನೀರು, ಊಟ, ಔಷಧ ತಡೆದದ್ದು ಆರೋಗ್ಯಕ್ಕೆ ಹಾನಿಯಾದ್ದರಿಂದ ದೈಹಿಕ ಕಲಂಗೆ. ಔಷಧ ಕೊಡಿಸದಿರುವುದು ಆರ್ಥಿಕ ಕಲಂನಲ್ಲೂ ಬರುತ್ತದೆ, ಎರಡೂ ಕಡೆ ಬರೆಯಿರಿ. ಸಾಧನ ಮುರಿದದ್ದು, ಅಡಗಿಸಿದ್ದು, ಮಾಸಾಶನ ಕಿತ್ತುಕೊಂಡದ್ದು ಆರ್ಥಿಕಕ್ಕೆ. ಸ್ನಾನ ಮಾಡಿಸುವ ನೆಪದಲ್ಲಿ ಮುಟ್ಟಿದ್ದು ಲೈಂಗಿಕಕ್ಕೆ. ಯಾವುದಕ್ಕೂ ಹೊಂದದ್ದು "ಇತರೆ ಮಾಹಿತಿ" ಕಲಂಗೆ, ಜಾಗ ಸಾಲದಿದ್ದರೆ ಪ್ರತ್ಯೇಕ ಹಾಳೆ ಲಗತ್ತಿಸಿ.

"ಆರೈಕೆ ಮಾಡುತ್ತಿಲ್ಲ" ಎಂಬ ಒಂದು ಸಾಲಿನಿಂದ ನ್ಯಾಯಾಲಯದಲ್ಲಿ ಏನೂ ಆಗದು. ಹೀಗೆ ಬರೆಯಿರಿ: "ಇಂಥ ದಿನ ರಾತ್ರಿ ಊಟದ ನಂತರ ಗಂಡ ಗಾಲಿಕುರ್ಚಿಯನ್ನು ಕೋಣೆಯಿಂದ ಹೊರಗೆ ಒಯ್ದರು. ಬೆಳಗಿನ ತನಕ ಶೌಚಕ್ಕೆ ಹೋಗಲಾಗಲಿಲ್ಲ. ಹಾಸಿಗೆ ಒದ್ದೆಯಾಯಿತು, ಅದೇ ಬಟ್ಟೆಯಲ್ಲಿ ಮಧ್ಯಾಹ್ನದವರೆಗೆ ಬಿಟ್ಟರು." ಯಾರು, ಯಾವಾಗ, ಏನನ್ನು ತಡೆದರು, ಅದರಿಂದ ದೇಹಕ್ಕೆ ಏನಾಯಿತು. ಈ ನಾಲ್ಕೂ ಇರಲಿ.

ಇನ್ನು ವಿಕಲಚೇತನರ ಹಕ್ಕುಗಳ ಕಾಯ್ದೆ 2016. ಸೆಕ್ಷನ್ 92(ಸಿ) ಊಟ ಅಥವಾ ನೀರು ನಿರಾಕರಿಸುವುದಕ್ಕೆ, 92(ಇ) ಅಂಗ, ಇಂದ್ರಿಯ ಅಥವಾ ಸಹಾಯಕ ಸಾಧನಕ್ಕೆ ಹಾನಿ ಮಾಡುವುದಕ್ಕೆ, ಅದರ ಬಳಕೆಗೆ ಅಡ್ಡಿ ಮಾಡುವುದಕ್ಕೆ. ಶಿಕ್ಷೆ 6 ತಿಂಗಳಿಂದ 5 ವರ್ಷ, ಜೊತೆಗೆ ದಂಡ. ಬ್ಯಾಟರಿ ಕಿತ್ತಿಟ್ಟುಕೊಳ್ಳುವುದು "ಬಳಕೆಗೆ ಅಡ್ಡಿ"ಯಲ್ಲದೆ ಮತ್ತೇನು? ಠಾಣೆಯಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 85 ಒಂದನ್ನೇ ಹಾಕಿ ಮುಗಿಸುತ್ತಾರೆ. ದೂರಿನ ಅರ್ಜಿಯಲ್ಲೇ 92ರ ಉಪವಿಭಾಗವನ್ನು ನಮೂದಿಸಿ ಕೊಡಿ, ಆಗ ಬಿಟ್ಟುಬಿಡುವುದು ಅಷ್ಟು ಸುಲಭವಲ್ಲ.

ಅತ್ತೆ, ನಾದಿನಿ ಮೇಲೆ ಅರ್ಜಿ ನಡೆಯುವುದಿಲ್ಲ ಎಂದು ಇವತ್ತಿಗೂ ಕೆಲವರು ಹೇಳುತ್ತಾರೆ. ಯಾರ ಮೇಲೆ ಅರ್ಜಿ ಹಾಕಬಹುದು ಎನ್ನುವಲ್ಲಿ ಕಾಯ್ದೆಯಲ್ಲಿದ್ದ "ವಯಸ್ಕ ಪುರುಷ" ಎಂಬ ಪದಗಳನ್ನು ಸುಪ್ರೀಂ ಕೋರ್ಟ್ 2016ರಲ್ಲೇ ಹಿರಾಲ್ ಹರ್ಸೋರಾ ಪ್ರಕರಣದಲ್ಲಿ ತೆಗೆದುಹಾಕಿದೆ. ಅಪ್ಪ, ಅಣ್ಣ, ಅತ್ತಿಗೆ ಮೇಲೂ ಅರ್ಜಿ ಹಾಕಬಹುದು. ಮದುವೆಯಾಗದೆ ತವರಲ್ಲೇ ಇರುವ ಅಂಗವಿಕಲ ಹೆಣ್ಣುಮಕ್ಕಳಿಗೆ ಇದು ಬಹಳ ಮುಖ್ಯ. ಸಂಬಳಕ್ಕೆ ಬರುವ ಆಯಾ ಮಾತ್ರ ಈ ಕಾಯ್ದೆಯೊಳಗೆ ಬರುವುದಿಲ್ಲ. ಆಕೆಯ ಮೇಲೆ ಬಿಎನ್‌ಎಸ್ ಮತ್ತು 92 ಹಾಕಬೇಕು.

ವಿಆರ್‌ಡಬ್ಲ್ಯೂ_ಕೊಪ್ಪಳ

ನಮೂನೆಗಿಂತ ಮುಂಚಿನ ಮಾತು ಒಂದಿದೆ. ಈ ಮಹಿಳೆಯರು ಕೇಂದ್ರಕ್ಕೆ ಬರುವುದೇ ಇಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕೆಂದರೆ ಫೋನು ಗಂಡನದ್ದು, ಬಸ್ ಹತ್ತಬೇಕೆಂದರೆ ಜೊತೆಗೆ ಅತ್ತೆ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದ್ದರೂ ಬಸ್ಸಿನ ಮೆಟ್ಟಿಲು ಹತ್ತಲಾಗದವರಿಗೆ ಅದರಿಂದ ಉಪಯೋಗವಿಲ್ಲ.

ಮನೆ ಬಾಗಿಲಿಗೆ ಹೋಗುವವರು ನಾವು. ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿಆರ್‌ಡಬ್ಲ್ಯೂ), ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ (ಎಂಆರ್‌ಡಬ್ಲ್ಯೂ). ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು, ಮಾಸಾಶನದ ಕೆಲಸಕ್ಕೆ ಹೋದರೆ ಮನೆಯವರಿಗೆ ಅನುಮಾನ ಬರುವುದಿಲ್ಲ. ಆದರೆ ನಮ್ಮ ತರಬೇತಿಯಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ಸಿಗುವ ಸಮಯ ತೀರಾ ಕಡಿಮೆ. ಸೆಕ್ಷನ್ 4ರ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಗಾಗಿ ಸರ್ಕಾರ ನೇಮಿಸಿದ ಅಧಿಕಾರಿ) ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಕೇಸು ನಿಲ್ಲುವುದಿಲ್ಲ. ಇದನ್ನು ಪ್ರತಿ ವಿಆರ್‌ಡಬ್ಲ್ಯೂಗೂ, ಆಶಾ ಕಾರ್ಯಕರ್ತೆಗೂ ಬರವಣಿಗೆಯಲ್ಲಿ ಕೊಡಿ.

ಮನೆಗೆ ಹೋದಾಗ ಆಕೆಯೊಬ್ಬಳನ್ನೇ ಮಾತಾಡಿಸುವುದು ಹೇಗೆ ಎಂಬುದೇ ಕಷ್ಟ. ಗಂಡಸು ವಿಆರ್‌ಡಬ್ಲ್ಯೂ ಆದರೆ ಆಶಾ ಅಥವಾ ಅಂಗನವಾಡಿ ಟೀಚರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಒಬ್ಬರು ಮನೆಯವರನ್ನು ಕಾಗದಪತ್ರ ಹುಡುಕಲು ಒಳಗೆ ಕರೆದೊಯ್ದರೆ ಇನ್ನೊಬ್ಬರಿಗೆ ಹತ್ತು ನಿಮಿಷ ಸಿಗುತ್ತದೆ. ಆ ಹತ್ತು ನಿಮಿಷದಲ್ಲಿ "ತೊಂದರೆ ಇದೆಯಾ" ಎಂದು ಕೇಳಬೇಡಿ, ಇಲ್ಲ ಅಂತಲೇ ಹೇಳುತ್ತಾರೆ. "ಬೆಳಿಗ್ಗೆ ಎದ್ದ ಮೇಲೆ ಯಾರು ಏಳಿಸ್ತಾರೆ? ಅವರು ಇಲ್ಲದ ದಿನ? ಕೊನೇ ಸಲ ನೀವಾಗೇ ದುಡ್ಡು ಮುಟ್ಟಿದ್ದು ಯಾವಾಗ?" ಎಂದು ಕೇಳಿ. ಕರಪತ್ರ ಬಿಟ್ಟು ಬರಬೇಡಿ. ಅದು ಸಿಕ್ಕರೆ ಆ ರಾತ್ರಿಯೇ ಆಕೆಗೆ ಕಷ್ಟ.

ಕೈಮಾತು

ಕಿವುಡ ಮಹಿಳೆಯರ ಬಗ್ಗೆ ನಾನು ಬರೆಯುತ್ತೇನೆ. ನಾನು ಸಂಜ್ಞಾ ಭಾಷೆಯ ದುಭಾಷಿ.

ಮೊದಲನೆಯದಾಗಿ, ಮನೆಯವರನ್ನು ದುಭಾಷಿ ಮಾಡಬೇಡಿ. ಆಕೆಯ ತಾಯಿಯನ್ನೂ ಬೇಡ, ಮಗುವನ್ನಂತೂ ಬೇಡವೇ ಬೇಡ. ಎಂಟು ವರ್ಷದ ಮಗಳ ಕೈಯಲ್ಲಿ ಅಪ್ಪ ಅಮ್ಮನಿಗೆ ಮಾಡಿದ್ದನ್ನು ಹೇಳಿಸಿ ಬರೆದುಕೊಂಡ ಡಿಐಆರ್‌ಗಳಿವೆ. ಅವು ಆ ಮಗುವಿಗೂ ಹಿಂಸೆ, ಪಾಟೀಸವಾಲಿನಲ್ಲೂ ನಿಲ್ಲುವುದಿಲ್ಲ.

ಎರಡನೆಯದು, ಹಳ್ಳಿಯಲ್ಲಿ ಬೆಳೆದು ಕಿವುಡರ ಶಾಲೆಗೆ ಹೋಗದ ಮಹಿಳೆಗೆ ಭಾರತೀಯ ಸಂಜ್ಞಾ ಭಾಷೆ ಬರುವುದಿಲ್ಲ. ಮನೆಯಲ್ಲಿ ಹುಟ್ಟಿಕೊಂಡ ಸನ್ನೆಗಳು ಮಾತ್ರ ಇರುತ್ತವೆ. ಪ್ರಮಾಣಪತ್ರ ಇರುವ ದುಭಾಷಿ ಬಂದರೂ ಅರ್ಥವಾಗುವುದಿಲ್ಲ. ಆಗ ಇಬ್ಬರು ಬೇಕು. ಒಬ್ಬರು ಸ್ವತಃ ಕಿವುಡರಾಗಿದ್ದು ಆಕೆಯ ಸನ್ನೆ ಹಿಡಿದು ಸಂಜ್ಞಾ ಭಾಷೆಗೆ ತರುವವರು, ಇನ್ನೊಬ್ಬರು ಅದನ್ನು ಕನ್ನಡದಲ್ಲಿ ಹೇಳುವವರು. ನಿಧಾನವಾಗುತ್ತದೆ, ಕಿವಿ ಕೇಳಿಸುವ ಮಹಿಳೆಗೆ ಬೇಕಾಗುವುದರ ಎರಡು ಮೂರರಷ್ಟು ಸಮಯ ಇಟ್ಟುಕೊಳ್ಳಿ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ವಿರಾಮ ಕೊಡಿ. ದಣಿದ ದುಭಾಷಿ ಮಾತು ಬಿಡುತ್ತಾ ಹೋಗುತ್ತಾರೆ, ಬಿಟ್ಟದ್ದು ಯಾರ ಗಮನಕ್ಕೂ ಬರುವುದಿಲ್ಲ.

ವಿಡಿಯೋ ಕರೆಯಲ್ಲಿ ದುಭಾಷಿಯನ್ನು ಕರೆಸುವುದಾದರೆ ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಎದೆ ಮಟ್ಟಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ತಲೆಯಿಂದ ಸೊಂಟದವರೆಗೆ ಎರಡೂ ಕೈ ಚೌಕಟ್ಟಿನೊಳಗೆ ಕಾಣಬೇಕು. ಬೆಳಕು ಆಕೆಯ ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಆಕೆಯನ್ನು ನೋಡಿ ಮಾತಾಡಿ, ದುಭಾಷಿಯನ್ನಲ್ಲ. ಕೈಗೆ ಪೆಟ್ಟಾಗಿದ್ದರೆ, ಬ್ಯಾಂಡೇಜ್ ಇದ್ದರೆ, ಆಕೆಗೆ ಮಾತೇ ನಿಂತ ಹಾಗೆ ಎಂದು ಆಸ್ಪತ್ರೆಯವರಿಗೂ ತಿಳಿಸಿ. ಡ್ರಿಪ್ಪನ್ನು ಆದಷ್ಟು ಹೆಚ್ಚು ಬಳಸದ ಕೈಗೆ ಹಾಕಿಸಿ.

ತುರ್ತು ಕರೆಗೆ 112ರ ಆ್ಯಪ್‌ನಲ್ಲಿ ಗುಂಡಿ ಇದೆ, ಎಸ್‌ಎಂಎಸ್ ದಾರಿಯೂ ಇದೆ. ಧ್ವನಿ ಕರೆಯೊಂದನ್ನೇ ನಂಬಿರುವ ಕೇಂದ್ರಗಳು ಕನಿಷ್ಠ ಒಂದು ವಾಟ್ಸಾಪ್ ಸಂಖ್ಯೆಯನ್ನಾದರೂ ಬೋರ್ಡಿನ ಮೇಲೆ ಬರೆಸಲಿ.

ಸಖಿ_ಕೇಸ್‌ವರ್ಕರ್

@ಕೈಮಾತು, ಹೇಳಿಕೆಯನ್ನು ವಿಡಿಯೋ ಮಾಡಬೇಕೇ ಬೇಡವೇ? ನಮ್ಮಲ್ಲಿ ಇಬ್ಬರು ಎರಡು ಮಾತು ಹೇಳುತ್ತಾರೆ.

ವಕೀಲೆ_ಹಾಸನ

ಇದನ್ನು ನಾನು ಹೇಳುತ್ತೇನೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರ ಪ್ರಕಾರ ಲೈಂಗಿಕ ಅಪರಾಧ, ಆ್ಯಸಿಡ್ ದಾಳಿಯಂಥ ಪಟ್ಟಿಮಾಡಿದ ಅಪರಾಧಗಳಲ್ಲಿ ಅಂಗವಿಕಲ ಮಹಿಳೆಯ ಮಾಹಿತಿಯನ್ನು ಪೊಲೀಸರು ಆಕೆಯ ಮನೆಯಲ್ಲಿ ಅಥವಾ ಆಕೆಗೆ ಅನುಕೂಲವಾದ ಜಾಗದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಮುಂದೆ ದಾಖಲಿಸಬೇಕು, ವಿಡಿಯೋ ಮಾಡಬೇಕು. ಮ್ಯಾಜಿಸ್ಟ್ರೇಟರ ಮುಂದಿನ 183ರ ಹೇಳಿಕೆಗೂ ವಿಡಿಯೋ ಇದೆ. ಆ ಹೇಳಿಕೆಯೇ ಮುಖ್ಯ ವಿಚಾರಣೆ ಎಂದು ಪರಿಗಣಿತವಾಗುವುದರಿಂದ ಆಕೆ ಮತ್ತೆ ಮೊದಲಿಂದ ಹೇಳಬೇಕಾಗಿಲ್ಲ. ಸನ್ನೆಯಲ್ಲಿ ಕೊಟ್ಟ ಸಾಕ್ಷ್ಯವನ್ನು ಮೌಖಿಕ ಸಾಕ್ಷ್ಯವೆಂದೇ ಸಾಕ್ಷ್ಯ ಅಧಿನಿಯಮದ 125 ಒಪ್ಪುತ್ತದೆ. ಅಂಗವಿಕಲ ಸಾಕ್ಷಿಯ ಮಾತಿಗೆ ತೂಕ ಕಡಿಮೆ ಎಂದು ಭಾವಿಸುವಂತಿಲ್ಲ ಎಂದು ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಬಿಎನ್‌ಎಸ್ 85, ಅಂದರೆ ಗಂಡನ ಮನೆಯ ಕ್ರೌರ್ಯ, ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಠಾಣೆಗೇ ಬನ್ನಿ ಅನ್ನುತ್ತಾರೆ. ಇದಕ್ಕೆ ದಾರಿ, 173ರಡಿ ಮಾಹಿತಿಯನ್ನು ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಬಹುದು, 3 ದಿನದೊಳಗೆ ಸಹಿ ಆಗಬೇಕು. ಯಾವ ಠಾಣೆಯ ವ್ಯಾಪ್ತಿ ಎಂದು ತಿರುಗಿಸಿ ಕಳಿಸುವಂತಿಲ್ಲ. ಮುಂದಿನ ವಿಚಾರಣೆಗೂ ಆಕೆಯನ್ನು ಠಾಣೆಗೆ ಕರೆಸುವಂತಿಲ್ಲ, 179 ಅದನ್ನು ತಡೆಯುತ್ತದೆ.

ಡಿಐಆರ್‌ಗೆ ಬಂದರೆ, ಆಕೆ ಒಪ್ಪಿದರೆ ಮಾತ್ರ ವಿಡಿಯೋ. ಸಿಬ್ಬಂದಿಯ ಸ್ವಂತ ಫೋನಿನಲ್ಲಂತೂ ಬೇಡ.

ದೃಷ್ಟಿ ಇಲ್ಲದವರಿಗೆ ಇನ್ನೊಂದು ಮಾತು. ಕೋಣೆಗೆ ಬಂದ ಕೂಡಲೇ ಒಳಗೆ ಯಾರ್ಯಾರು ಇದ್ದಾರೆ, ಬಾಗಿಲು ಎಲ್ಲಿದೆ ಎಂದು ಹೇಳಿ. ಬರೆದದ್ದನ್ನು ಪೂರ್ತಿ ಓದಿ ಹೇಳಿ, ಸಾರಾಂಶ ಸಾಲದು. ಸಹಿ ಮಾಡಲು ಬರುವವರಿಂದ ಹೆಬ್ಬೆಟ್ಟು ಒತ್ತಿಸಬೇಡಿ. ಪ್ರತಿಯನ್ನು ಫೋನು ಓದಬಲ್ಲ ಯೂನಿಕೋಡ್ ಕಡತವಾಗಿ ಕೊಡಿ. ಸ್ಕ್ಯಾನ್ ಮಾಡಿದ ಚಿತ್ರವನ್ನು ಅವರ ಫೋನು ಓದುವುದಿಲ್ಲ.

ಸಾಂತ್ವನ_ಧಾರವಾಡ

ಇವೆಲ್ಲ ಸರಿ ಅದಾವ್ರಿ. ಆದ್ರ ಆಕೀನ್ನ ಇಡೂದೆಲ್ಲಿ ಹೇಳ್ರಿ. ಸಖಿ ಒಳಗ 5 ದಿನ. ಆಮ್ಯಾಲೆ ಆಶ್ರಯ ಮನಿಗೆ ಫೋನ್ ಹಚ್ಚಿದ್ರ "ತಮ್ಮ ಕೆಲಸ ತಾವ ಮಾಡ್ಕೊಳ್ಳೋರು ಇದ್ರ ಕಳಸ್ರಿ, ನಮ್ಮಲ್ಲಿ ಆಯಾ ಇಲ್ಲ" ಅಂತಾರ. ಮಾನಸಿಕ ಕಾಯಿಲೆ ಅಂದ ಕೂಡ್ಲೆ ಫೋನ್ ಇಡ್ತಾರ. ವೃದ್ಧಾಶ್ರಮಕ್ಕ ಒಯ್ದು ಬಿಡೂದ ಒಂದ ದಾರಿ ಉಳೀತದ, ಮೂವತ್ತು ವರ್ಷದ ಹೆಣಮಗಳನ್ನ ವೃದ್ಧಾಶ್ರಮಕ್ಕ ಹಾಕೂದು ನ್ಯಾಯ ಅಲ್ರಿ.

ಫಿಸಿಯೋ_ಮಂಗಳೂರು

ಅಕ್ಕ, ಆಶ್ರಯ ಮನೆಗಳ ಭಯಕ್ಕೆ ಅರ್ಧ ಕಾರಣ ಗೊತ್ತಿಲ್ಲದಿರುವುದು. "ಏನು ಸಹಾಯ ಬೇಕು" ಎಂದು ಯಾರೂ ನಿಖರವಾಗಿ ಹೇಳುವುದಿಲ್ಲ, "ಅಂಗವಿಕಲೆ" ಎಂಬ ಒಂದೇ ಪದ ಕಳಿಸುತ್ತಾರೆ. ಹಾಸಿಗೆಯಿಂದ ಕುರ್ಚಿಗೆ, ಶೌಚ, ಸ್ನಾನ, ಬಟ್ಟೆ, ಊಟ, ರಾತ್ರಿ ಮಗ್ಗುಲು, ಈ ಆರರಲ್ಲಿ ಯಾವುದು ತಾನೇ, ಯಾವುದಕ್ಕೆ ಒಂದು ಕೈ, ಯಾವುದು ಪೂರ್ತಿ ಬೇರೆಯವರಿಂದ ಎಂದು ಬರೆದು ಕಳಿಸಿ. ಸೊಂಟದ ಕೆಳಗೆ ಬಲವಿಲ್ಲದ ಎಷ್ಟೋ ಮಹಿಳೆಯರಿಗೆ ಶೌಚಾಲಯದ ಬಾಗಿಲು ಅಗಲವಿದ್ದರೆ ಆಯಾ ಬೇಕಾಗುವುದೇ ಇಲ್ಲ.

ಎಡವುವುದು ಕಟ್ಟಡದಲ್ಲಿ. ಮುಂದೆ ರಾಂಪು ಇರುತ್ತದೆ, ಫೋಟೋಗೆ ಚೆನ್ನಾಗಿ ಬರುತ್ತದೆ. 1:12ರ ಇಳಿಜಾರು ಎಂದರೆ 150 ಮಿಮೀ ಎತ್ತರದ ಮೂರು ಮೆಟ್ಟಿಲಿಗೆ, ಅಂದರೆ 450 ಮಿಮೀಗೆ, 5.4 ಮೀಟರ್ ಉದ್ದ ಬೇಕು. ಎರಡು ಮೀಟರಿನಲ್ಲಿ ಮುಗಿಸಿದ ರಾಂಪಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಬಾಗಿಲಿಗೆ 900 ಮಿಮೀ ತೆರವು, ಒಳಗೆ ಕುರ್ಚಿ ತಿರುಗಲು 1500 ಮಿಮೀ ಜಾಗ. ಶೌಚಾಲಯದ ಬಾಗಿಲು ಹೊರಗೆ ತೆರೆಯಲಿ. ಒಳಗೆ ತೆರೆದರೆ ಆಕೆ ಬಿದ್ದಾಗ ಬಾಗಿಲಿಗೇ ಅಡ್ಡವಾಗುತ್ತಾಳೆ, ಹೊರಗಿನವರು ಒಳಗೆ ಹೋಗಲಾಗುವುದಿಲ್ಲ. ಕಮೋಡಿನ ಎತ್ತರ 450ರಿಂದ 480 ಮಿಮೀ, ಪಕ್ಕದಲ್ಲಿ ಹಿಡಿಕಂಬಿ. ಇಂಡಿಯನ್ ಶೌಚಾಲಯ ಮಾತ್ರ ಇದ್ದರೆ ಅದರ ಮೇಲೆ ನಿಲ್ಲಿಸುವ ರಂಧ್ರವಿರುವ ಕಮೋಡ್ ಕುರ್ಚಿಯಿಂದ ತಾತ್ಕಾಲಿಕವಾಗಿ ನಡೆಯುತ್ತದೆ, ಕಾಲುಗಳಿಗೆ ರಬ್ಬರ್ ಬುಡ ಇರಲೇಬೇಕು. ಚಿಲಕವನ್ನು ಕೂತವರ ಕೈಗೆ ಸಿಗುವಂತೆ ಕೆಳಗಿಳಿಸಿ. ಇದು ಒಂದು ಮಧ್ಯಾಹ್ನದ ಬಡಗಿ ಕೆಲಸ.

ಬೆನ್ನುಹುರಿ ಪೆಟ್ಟಾದವರು ಬಂದರೆ ಸಿಬ್ಬಂದಿಗೆ ಮೂರು ವಿಷಯ ಗೊತ್ತಿರಬೇಕು. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಗಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುವವರು ಇದ್ದಾರೆ, ಅದಕ್ಕೆ ಸಾಬೂನು, ನೀರು, ಮರೆ ಬೇಕು. ಬೆನ್ನುಹುರಿಗೆ ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ (ಟಿ6 ಅಥವಾ ಅದಕ್ಕೂ ಮೇಲೆ) ಪೆಟ್ಟಾದವರಿಗೆ ಮೂತ್ರಕೋಶ ತುಂಬಿದಾಗ ತಟ್ಟನೆ ವಿಪರೀತ ತಲೆನೋವು, ಮುಖ ಕೆಂಪಾಗಿ ಬೆವರು ಬಂದರೆ ಅದು ಜೀವಾಪಾಯದ ಬಿಪಿ ಏರಿಕೆ. ಎತ್ತಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಕಟ್ಟಿಕೊಂಡಿದೆಯೇ, ಮಡಚಿದೆಯೇ ನೋಡಿ, ಕೂಡಲೇ ಆಸ್ಪತ್ರೆಗೆ. ಮನೆಯಲ್ಲಿ ಕ್ಯಾಥೆಟರ್ ಹಾಕಿಸದೆ ಸತಾಯಿಸಿದ್ದು ಎಂಥ ಕ್ರೌರ್ಯ ಎಂಬುದು ಇದರಿಂದಲೇ ತಿಳಿಯುತ್ತದೆ. ಡಿಐಆರ್‌ನಲ್ಲಿ ಅದು ಬರಲೇಬೇಕು.

ಒತ್ತಡದ ಹುಣ್ಣು (ಬೆಡ್‌ಸೋರ್) ಸಾಕ್ಷ್ಯ. ಜಾಗ, ಅಳತೆ, ಆಳವನ್ನು ವೈದ್ಯರಿಂದ ಬರೆಸಿ, ಆಕೆಯ ಒಪ್ಪಿಗೆಯಿಂದ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಸಿ.

ಮನೆ ಬಿಡುವಾಗ ಕುರ್ಚಿಯನ್ನು ನೆನಪಿಸಿಕೊಂಡು ಕುಷನ್ ಮರೆಯುತ್ತಾರೆ. ಕುರ್ಚಿ ಬೇರೆ ಸಿಗುತ್ತದೆ, ಕುಷನ್ ಇಲ್ಲದೆ ಒಂದೇ ದಿನ ಕೂತರೂ ಚರ್ಮ ಒಡೆಯಬಹುದು. ಮೂರ್ಛೆರೋಗದ ಮಾತ್ರೆ, ಸೆಳೆತಕ್ಕೆ ಕೊಡುವ ಬ್ಯಾಕ್ಲೋಫೆನ್, ಇವೆರಡನ್ನೂ ಥಟ್ಟನೆ ನಿಲ್ಲಿಸಿದರೆ ಅಪಾಯ. ಕನಿಷ್ಠ ಒಂದು ವಾರದ್ದು ಮತ್ತು ಚೀಟಿಯ ಫೋಟೋ ಇರಲಿ.

ವಕೀಲೆ_ಹಾಸನ

@ಸಾಂತ್ವನ_ಧಾರವಾಡ, ಆಶ್ರಯ ಮನೆಯವರು ನಿರಾಕರಿಸಿದರೆ ಬರವಣಿಗೆಯಲ್ಲಿ ಕೇಳಿ. ಸಂರಕ್ಷಣಾಧಿಕಾರಿ ಕೋರಿದರೆ ಆಶ್ರಯ ಕೊಡಲೇಬೇಕು ಎಂದು 2005ರ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಸೂಕ್ತ ಹೊಂದಾಣಿಕೆ (ಅಂಗವಿಕಲತೆಗೆ ತಕ್ಕ ಬದಲಾವಣೆ) ನಿರಾಕರಿಸುವುದು 2016ರ ಕಾಯ್ದೆಯ ಪ್ರಕಾರ ತಾರತಮ್ಯ. ದೂರು ವಿಕಲಚೇತನರ ರಾಜ್ಯ ಆಯುಕ್ತರಿಗೆ ಹೋಗಬಹುದು, 89ರಡಿ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ ದಂಡವಿದೆ.

ಆದರೂ ನನ್ನ ಅಭಿಪ್ರಾಯ ಬೇರೆ. ಎಲ್ಲರೂ "ಆಕೆಯನ್ನು ಎಲ್ಲಿಗೆ ಸಾಗಿಸೋಣ" ಎಂದೇ ಯಾಕೆ ಯೋಚಿಸಬೇಕು? ಆಕೆಗೆ ಹೊಂದುವ ಶೌಚಾಲಯ, ಕೈಗೆಟಕುವ ಒಲೆ, ಪರಿಚಯದ ದಾರಿ ಎಲ್ಲ ಇರುವುದು ಆ ಮನೆಯಲ್ಲಿ. 2005ರ ಕಾಯ್ದೆಯ 19(1)(ಬಿ) ಕೇಳಿ, ಗಂಡನೇ ಹೊರಗೆ ಹೋಗಲಿ. 23ರಡಿ ಅಫಿಡವಿಟ್ ಮೇಲೆ ಏಕಪಕ್ಷೀಯ ಮಧ್ಯಂತರ ಆದೇಶ ಸಿಗುತ್ತದೆ. ಹೆಂಗಸರ ವಿರುದ್ಧ ಹೊರಹಾಕುವ ಆದೇಶ ಸಿಗುವುದಿಲ್ಲ. ಅತ್ತೆಯಿಂದ ತೊಂದರೆಯಾದರೆ ಆಕೆಯ ಕೋಣೆಗೆ ಬಾರದಂತೆ, ಸಾಧನ ಮುಟ್ಟದಂತೆ 18ರ ಸಂರಕ್ಷಣಾ ಆದೇಶದಲ್ಲಿ ಕೇಳಬೇಕು.

ಸಾಧನ ಮುರಿದಿದ್ದರೆ ಅದರ ಬೆಲೆಯನ್ನು 20(1)(ಸಿ)ಯಲ್ಲಿ, ಅವರ ಬಳಿಯೇ ಇದ್ದರೆ ವಾಪಸ್ ಕೊಡಿಸಲು 19(8)ರಲ್ಲಿ ಪ್ರಾರ್ಥನೆ ಸೇರಿಸಿ. ಅಂಗವಿಕಲರಿಗೆ ಸಹಾಯಕ ಸಾಧನ ಕೊಡುವ ಎಡಿಐಪಿ ಯೋಜನೆಯಲ್ಲಿ ವಯಸ್ಕರಿಗೆ ಮತ್ತೆ ಸಾಧನ ಸಿಗಲು 3 ವರ್ಷ ಕಾಯಬೇಕು, ಆದ್ದರಿಂದ "ಸರ್ಕಾರದಿಂದ ಇನ್ನೊಂದು ತಗೊಳ್ಳಲಿ" ಎಂಬ ಎದುರು ವಾದಕ್ಕೆ ಉತ್ತರವೂ ಅರ್ಜಿಯಲ್ಲೇ ಇರಲಿ. ವಕೀಲರ ಖರ್ಚಿಲ್ಲ. ಮಹಿಳೆಗೂ ಅಂಗವಿಕಲರಿಗೂ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ.

ಸಾಂತ್ವನ_ಧಾರವಾಡ

ಗಂಡ ಹೊರಗ ಹೋದ ಅಂತ ಇಟ್ಕೊಳ್ರಿ. ಮರುದಿನ ಮುಂಜಾನೆ ಆಕೀನ್ನ ಎಬ್ಬಿಸೋರು ಯಾರು? ಅಲ್ಲೀತನಕ ಅವನ ಮಾಡ್ತಿದ್ದ.

ಫಿಸಿಯೋ_ಮಂಗಳೂರು

ಸರಿಯಾದ ಪ್ರಶ್ನೆ. ಅದಕ್ಕೇ ಆದೇಶಕ್ಕಿಂತ ಮೊದಲು ಬದಲಿ ಆರೈಕೆ ಗೊತ್ತಾಗಿರಬೇಕು. ನಾನು ಆಗಲೇ ಹೇಳಿದ ಆರು ಕೆಲಸಗಳ ಪಟ್ಟಿ ಇಲ್ಲೂ ಬೇಕು. ಬೆಳಿಗ್ಗೆ ಒಂದೂವರೆ ಗಂಟೆ, ರಾತ್ರಿ ಒಂದು ಗಂಟೆ ಯಾರಾದರೂ ಬಂದರೆ ಸಾಕು ಎನ್ನುವವರು ಬಹಳ ಮಂದಿ. ಸಂಘದ ಮಹಿಳೆ, ತಂಗಿ, ಸಂಬಳದ ಸಹಾಯಕಿ, ಯಾರೆಂದು ಆಕೆಯೇ ಹೇಳಬೇಕು. ಮೊದಲ ವಾರದ ಪ್ರತಿ ಹೊತ್ತಿಗೂ ಒಂದೊಂದು ಹೆಸರನ್ನು ನಮೂನೆ-5ರ ಸುರಕ್ಷತಾ ಯೋಜನೆಯ ಜೊತೆ ಲಗತ್ತಿಸಿ. ಸಂಬಳದ ಸಹಾಯಕಿಯಾದರೆ ಆ ಖರ್ಚನ್ನು ವಕೀಲೆ ಮೇಡಂ ಸೆಕ್ಷನ್ 20ರ ಮಾಸಿಕ ಮೊತ್ತದಲ್ಲಿ ಸೇರಿಸಲಿ.

ಮನಸ್ಸು_ಕಾನೂನು

ಮನೋರೋಗ ಇರುವವರ ವಿಷಯ ಹಾಗೇ ಉಳಿಯಿತು. ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. "ಹುಚ್ಚಿ, ಅವಳ ಮಾತು ನಂಬ್ತೀರಾ" ಎಂದು ಗಂಡ ಚೀಟಿ ತೋರಿಸಿದ ಕೂಡಲೇ ಸಿಬ್ಬಂದಿ ಹಿಂಜರಿಯುತ್ತಾರೆ. ಮಾನಸಿಕ ಆರೋಗ್ಯ ಕಾಯ್ದೆ 2017ರ ಸೆಕ್ಷನ್ 3 ಸ್ಪಷ್ಟವಾಗಿದೆ. ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ಥಿಮಿತವಿಲ್ಲ ಎಂದರ್ಥವಲ್ಲ, ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ. ದೂರು ಬರೆಯುವ ಮೊದಲು ಪ್ರಮಾಣಪತ್ರ ತಾ ಎನ್ನಲು ಯಾರಿಗೂ ಅಧಿಕಾರವಿಲ್ಲ.

"ಆಸ್ಪತ್ರೆಗೆ ಹಾಕಿಸ್ತೀನಿ" ಎಂಬ ಬೆದರಿಕೆಗೂ ಕಾಯ್ದೆಯಲ್ಲಿ ತಡೆ ಇದೆ. ಸೆಕ್ಷನ್ 14ರಡಿ ಆಕೆ ತನ್ನ ನಾಮನಿರ್ದೇಶಿತ ಪ್ರತಿನಿಧಿಯನ್ನು (ಚಿಕಿತ್ಸೆಯ ವಿಷಯದಲ್ಲಿ ಆಕೆಯ ಪರ ನಿಲ್ಲುವವರು) ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ನೇಮಿಸಬಹುದು, ಗಂಡನೇ ಆಗಬೇಕೆಂದಿಲ್ಲ. ಸಖಿ ಕೇಂದ್ರದಲ್ಲಿ ಐದು ನಿಮಿಷದಲ್ಲಿ ಆಗುವ ಕೆಲಸ, ಆದರೆ ಮಾಡಿಸುವವರು ತೀರಾ ಕಡಿಮೆ. ಮನೆಯಲ್ಲಿ ಕೂಡಿಹಾಕಿದ್ದರೆ, ಹಿಂಸಿಸುತ್ತಿದ್ದರೆ 101ರಡಿ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. ಯಾವ ಅಂಗವಿಕಲತೆಯೇ ಇರಲಿ, 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ಯಾರಾದರೂ ಮಾಹಿತಿ ಕೊಡಬಹುದು. ಬಿಡಿಸಿ ತರಲು ಇದು ಬೇಗ ನಡೆಯುವ ದಾರಿ.

ಬೌದ್ಧಿಕ ಅಂಗವಿಕಲತೆ ಇರುವವರಲ್ಲಿ ಪ್ರಶ್ನೆ ಚಿಕ್ಕದಿರಲಿ, ಒಂದಕ್ಕೆ ಒಂದೇ ವಿಷಯ. "ಹೌದಾ, ಅಲ್ಲವಾ" ಎಂಬ ಪ್ರಶ್ನೆಗೆ ಹೌದು ಎಂದೇ ಉತ್ತರ ಬರುತ್ತದೆ, ಎದುರಿನವರನ್ನು ಮೆಚ್ಚಿಸಲು. ತಾರೀಖು ಕೇಳಬೇಡಿ. "ಸಂತೆ ದಿನಾನಾ? ಹಬ್ಬದ ಮುಂಚೆನಾ, ಆಮೇಲಾ?" ಎಂದರೆ ನೆನಪು ಬರುತ್ತದೆ. ಗರ್ಭಪಾತ ಅಥವಾ ಗರ್ಭಕೋಶ ತೆಗೆಸುವ ಮಾತು ಮನೆಯಲ್ಲಿ ನಡೆದಿದೆಯೇ ಎಂದೂ ತಪ್ಪದೆ ಕೇಳಿ. ಆಕೆಯ ಒಪ್ಪಿಗೆ ಇಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆ ಮಾಡುವಂತಿಲ್ಲ ಎಂದು 2016ರ ಕಾಯ್ದೆಯ ಸೆಕ್ಷನ್ 10 ಹೇಳುತ್ತದೆ.

ಸಖಿ_ಕೇಸ್‌ವರ್ಕರ್

ಎಲ್ಲವನ್ನೂ ಕೈಪಿಡಿಗೆ ತೆಗೆದುಕೊಳ್ಳುತ್ತಿದ್ದೇನೆ. ಒಂದು ಉಳಿದಿದೆ. ಮಾಸಾಶನ ಗಂಡನ ಕೈಗೆ ಹೋಗುವುದನ್ನು ತಪ್ಪಿಸಲು ನಿಜವಾಗಿ ಕೆಲಸ ಮಾಡುವ ಕ್ರಮ ಯಾವುದು?

ವಿಆರ್‌ಡಬ್ಲ್ಯೂ_ಕೊಪ್ಪಳ

ಕ್ರಮ ತಪ್ಪಿದರೆ ಗಂಡನಿಗೆ ಮೊದಲೇ ಗೊತ್ತಾಗುತ್ತದೆ, ಅದಕ್ಕೆ ಹೀಗೆ ಮಾಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಸಾಮಾನ್ಯವಾಗಿ ಗಂಡನದ್ದೋ ಅಣ್ಣನದ್ದೋ ಆಗಿರುತ್ತದೆ, ಒಟಿಪಿ ಅವರಿಗೆ ಹೋಗುತ್ತದೆ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆ ಬದಲಿಸಿ, ಬೆರಳಚ್ಚು ಕೊಟ್ಟರೆ ಆಗುತ್ತದೆ. ಅದು ಬದಲಾದದ್ದು ಖಾತ್ರಿಯಾದ ಮೇಲೆ ಬೇರೆ ಬ್ಯಾಂಕಿನಲ್ಲಿ ಅಥವಾ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಆಕೆಯೊಬ್ಬಳ ಹೆಸರಲ್ಲೇ ಖಾತೆ. ಆಧಾರ್ ಜೋಡಣೆಯ ಅರ್ಜಿಯಲ್ಲಿ "ನೇರ ನಗದು ಇದೇ ಖಾತೆಗೆ ಬರಲಿ" ಎಂಬ ಒಪ್ಪಿಗೆಗೆ ಗುರುತು ಹಾಕಿಸಿ. ಇದು ಬಿಟ್ಟುಹೋಗಿ ದುಡ್ಡು ಹಳೆಯ ಖಾತೆಗೇ ಹೋಗುವುದು ಸಾಮಾನ್ಯ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಿಸಿದ ಖಾತೆಗೆ ಬೀಳುತ್ತದೆ. ಖಾತೆ ಸಂಖ್ಯೆ ನೋಡಿ ಹಾಕುವ ಪಾವತಿಯಾದರೆ ನಾಡಕಚೇರಿಗೂ ಅರ್ಜಿ ಕೊಡಬೇಕು. ಮುಂದಿನ ತಿಂಗಳ ಹಣ ಹೊಸ ಖಾತೆಗೆ ಬಂದದ್ದನ್ನು ನೋಡುವ ತನಕ ಹಳೆಯ ಖಾತೆ ಮುಚ್ಚಿಸಬೇಡಿ.

ಗಂಡನಿಗೆ ದುಡ್ಡು ನಿಂತದ್ದು ಗೊತ್ತಾಗುವುದು ಆ ಮುಂದಿನ ತಿಂಗಳಲ್ಲಿ. ಆಕೆ ಅದೇ ಮನೆಯಲ್ಲಿದ್ದರೆ ಆ ವಾರವೇ ಹೆಚ್ಚು ಅಪಾಯ. ಹಾಗಾಗಿ 18ರ ಆದೇಶ ಕೈಗೆ ಬಂದ ಮೇಲೆ, ಇಲ್ಲವೇ ಆಕೆ ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಈ ಕೆಲಸ ಶುರುಮಾಡಿ. ಆಕೆ ಬೇಗ ಆಗಲಿ ಎಂದರೆ ಈ ಅಪಾಯವನ್ನು ಬಿಡಿಸಿ ಹೇಳಿ, ತೀರ್ಮಾನ ಅವಳದ್ದೇ.